ಮರಿಪೋಸ: ದೀಪಕ್ಕೆ ಮುತ್ತುವ ಹುಳುವೂ ಸ್ಪೇನಿನ ಚಿಟ್ಟೆಯೂ

ಲ್ಯಾಟಿನ್‌ನಲ್ಲಿ ಚಿಟ್ಟೆಗೆ ‘ಪಾಪಿಲಿಯೊ’ ಎಂದು ಹೆಸರು. ಫ್ರೆಂಚರ ‘ಪಪಿಯೋಂ’, ಕತಲಾನರ ‘ಪಪಲ್ಯೋನ’ ಅದರ ಸಂತಾನ. ಡೇರೆಯ ಹರಡಿದ ಬಟ್ಟೆ ರೆಕ್ಕೆಯಂತೆ ಕಂಡಿದ್ದರಿಂದ ಪಾಪಿಲಿಯೊಗೆ ಲ್ಯಾಟಿನ್‌ನಲ್ಲೇ ಡೇರೆಯ ಅರ್ಥವೂ ಬಂತು. ಸ್ಪ್ಯಾನಿಶಿಗೆ ಫ್ರೆಂಚಿನ ಮೂಲಕ ದಕ್ಕಿದ್ದು ಆ ಡೇರೆಯೇ: ‘ಪಬೆಯೋನ್’. ಚಿಟ್ಟೆಗೆ ಮಾತ್ರ ಅಲ್ಲಿ ನಿಂತ ಹೆಸರು ‘ಮರಿಪೋಸ’.

ವ್ಯುತ್ಪತ್ತಿಕಾರ ಜೊವಾನ್ ಕೊರೊಮಿನಾಸ್ ಇದನ್ನು ‘ಮರಿ’, ‘ಪೋಸ’ ಎಂದು ಬಿಡಿಸುತ್ತಾರೆ. ಮೊದಲನೆಯದು ಮರಿಯಾ ಎಂಬ ಹೆಸರಿನ ಮೊಟಕು ರೂಪ. ಎರಡನೆಯದು ‘ಕೂರು’ ಎಂಬ ಆಜ್ಞಾರ್ಥಕ ಕ್ರಿಯಾಪದ. ಹಾರುವುದರ ಬೆನ್ನುಹತ್ತಿದ ಮಕ್ಕಳ ಕೂಗೇ ಹೆಸರಾಗಿ ಗಟ್ಟಿಯಾಯಿತೆಂಬುದು ಇದರ ತಾತ್ಪರ್ಯ. (ನಾವು ಮಕ್ಕಳನ್ನು ಮುದ್ದಿನಿಂದ ಕರೆಯುವ ‘ಮರಿ’ಗೂ ಇದಕ್ಕೂ ನಂಟಿಲ್ಲ; ಕಿವಿಗೆ ಹಿತವಾದ ಕಾಕತಾಳೀಯ, ಅಷ್ಟೇ.) ಈ ವಿವರಣೆಗೆ ಭಾಷೆಯೊಳಗೇ ಆಧಾರವಿದೆ. ಗುಲಗಂಜಿ ಹುಳು ಅಲ್ಲಿ ‘ಮರಿಕೀತ’, ಅಂದರೆ ಪುಟ್ಟ ಮರಿಯಾ, ಗಂಡುಬೀರಿ ‘ಮರಿಮಾಚೊ’. ಮರಿಯಾ ಎಂಬುದು ಯಾವಳೋ ಒಬ್ಬಳ ಹೆಸರಾಗಿ ಉಳಿಯದೆ, ಯಾರಿಗೂ ಯಾವುದಕ್ಕೂ ಅಂಟಿಸಬಹುದಾದ ಪೂರ್ವಪದವಾಗಿತ್ತು.

1611ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಚ್ಚಾದ ಸೆಬಾಸ್ಟಿಯಾನ್ ದೆ ಕೊವರ್ರೂಬಿಯಾಸ್‌ನ ನಿಘಂಟು ಬೇರೆಯದೇ ಹೇಳುತ್ತದೆ. ಹಣತೆಯ ಮೇಲೆ ಕೆಟ್ಟದಾಗಿ ಕೂತು ಸುಟ್ಟುಹೋಗುವುದರಿಂದ, ‘ಕೆಟ್ಟದಾಗಿ’ ಎಂಬರ್ಥದ ‘ಮಲ್’ ಸೇರಿ ಈ ಪದವಾಯಿತಂತೆ. ವ್ಯುತ್ಪತ್ತಿಯಾಗಿ ಇದು ನಿಲ್ಲುವುದಿಲ್ಲ. ಆದರೆ ಸಾಕ್ಷ್ಯವಾಗಿ ಇದಕ್ಕೆ ಬೆಲೆಯಿದೆ ಎಂದೇ ನನ್ನ ವಾದ: ಅವನ ಕಣ್ಣೆದುರಿಗಿದ್ದದ್ದು ಹೂವಿನ ಮೇಲಿನ ಚಿಟ್ಟೆಯಲ್ಲ, ನಮ್ಮ ಕಾವ್ಯಗಳ ಪತಂಗ. ಪೋರ್ಚುಗೀಸಿನಲ್ಲಿ ಈಗಲೂ ಹಗಲಿನ ಚಿಟ್ಟೆ ‘ಬೊರ್ಬೊಲೆತ’. ‘ಮರಿಪೋಸ’ ಎಂದರೆ ರಾತ್ರಿಯ ಪತಂಗ. ಸ್ಪ್ಯಾನಿಶಿನಲ್ಲಿ ಎರಡಕ್ಕೂ ಒಂದೇ ಪದ. ಬೇರೆ ಮಾಡಿ ಹೇಳಬೇಕಾದಾಗ ‘ರಾತ್ರಿಯ ಮರಿಪೋಸ’ ಎನ್ನುತ್ತಾರೆ. ಅಲ್ಲಿನ ಮನೆಗಳಲ್ಲಿ ಸತ್ತವರ ನೆನಪಿಗೆ ಹಚ್ಚುವ ಪುಟ್ಟ ದೀಪಕ್ಕೂ ಇದೇ ಹೆಸರು. ಬಟ್ಟಲಿನ ನೀರಿನ ಮೇಲೆ ಎಣ್ಣೆ, ಎಣ್ಣೆಯ ಮೇಲೆ ತೇಲುವ ತೆಳು ಬಿಲ್ಲೆ, ಅದರ ನಡುವೆ ತಲೆಯೆತ್ತಿದ ಬತ್ತಿ. ದೀಪಕ್ಕೆ ಬೀಳುವ ಹುಳುವಿನ ಹೆಸರು ದೀಪಕ್ಕೇ ಬಂದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಸ್ಪೇನಿನವರು ಮೆಕ್ಸಿಕೋಗೆ ಹೋದಾಗ ಅಲ್ಲಿನ ನಾವಾತಲ್ ಭಾಷಿಕರು ಚಿಟ್ಟೆಯನ್ನು ‘ಪಾಪಾಲೋತ್ಲ್’ ಎನ್ನುತ್ತಿದ್ದರು. ಲ್ಯಾಟಿನ್ನಿನ ಪಾಪಿಲಿಯೊ ನೆನಪಾಗುವುದು ಸಹಜ. ಹೋಲಿಕೆ ಮಾತ್ರ ಬರೀ ಯೋಗಾಯೋಗ. ಆ ಪದ ಸ್ಪ್ಯಾನಿಶಿಗೆ ‘ಪಪಲೋತೆ’ಯಾಗಿ ಬಂದರೂ ಚಿಟ್ಟೆಯ ಜಾಗ ಅದಕ್ಕೆ ಸಿಗಲಿಲ್ಲ, ಮೆಕ್ಸಿಕೋ, ಕ್ಯೂಬಾಗಳಲ್ಲಿ ಅದು ಗಾಳಿಪಟ.

ಕ್ಯೂಬಾದಲ್ಲಿ ‘ಮರಿಪೋಸ’ ಹೂವೂ ಹೌದು. 1936ರಲ್ಲಿ ರಾಷ್ಟ್ರೀಯ ಪುಷ್ಪವೆಂದು ಘೋಷಿತವಾದ, ಶುಂಠಿಯ ಬಳಗದ ಆ ಬಿಳಿ ಪರಿಮಳದ ಹೂ ಮೂಲತಃ ಏಷ್ಯಾದ್ದು. ನಮ್ಮಲ್ಲಿ ಅದನ್ನೇ ಸುಗಂಧಿ ಎನ್ನುತ್ತಾರೆ. ಸ್ವಾತಂತ್ರ್ಯ ಸಮರದ ಕಾಲದಲ್ಲಿ ಅಲ್ಲಿನ ಹೆಂಗಸರು ಮುಡಿದ ಈ ಹೂಗಳ ನಡುವೆ ಗುಟ್ಟಿನ ಚೀಟಿಗಳನ್ನು ಸಾಗಿಸುತ್ತಿದ್ದರೆಂದು ಕ್ಯೂಬನ್ನರು ಇಂದಿಗೂ ಹೇಳಿಕೊಳ್ಳುತ್ತಾರೆ.