ಸಂಪಾದಕರನ್ನು ನಡೆಸಿದ ಕಾಲುವೆ ಏರಿ

1954ರ ಜನವರಿ 3ರಂದು ಅಮೆರಿಕದ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಒಂದು ಸಂಪಾದಕೀಯ ಬಂತು. ಪೊಟೊಮ್ಯಾಕ್ ನದಿಯ ದಂಡೆಯಲ್ಲಿ ಹಳೇ ಕಾಲುವೆಯೊಂದು ಪಾಳು ಬಿದ್ದಿದೆ, ಅದರ ಗುಂಟ ಕಾರು ಓಡುವ ರಸ್ತೆ ಮಾಡಿದರೆ ನದಿ ಕಣಿವೆಯ ಚೆಂದವನ್ನು ಎಲ್ಲರೂ ನೋಡಬಹುದು ಎಂಬುದು ಅದರ ಸಾರಾಂಶ. ಓದಿದರೆ ತಪ್ಪೇನೂ ಕಾಣುವುದಿಲ್ಲ. ನಾವೇ ಆ ಕುರ್ಚಿಯಲ್ಲಿ ಕೂತಿದ್ದರೂ ಬಹುಶಃ ಹಾಗೇ ಬರೆಯುತ್ತಿದ್ದೆವು.

ಎರಡು ವಾರ ಕಳೆದ ಮೇಲೆ ಅದೇ ಪತ್ರಿಕೆಯಲ್ಲಿ ಒಬ್ಬ ಓದುಗರ ಪತ್ರ ಪ್ರಕಟವಾಯಿತು. ಬರೆದವರು ವಿಲಿಯಂ ಡಗ್ಲಸ್. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ, 55 ವರ್ಷ ವಯಸ್ಸು. ಬಿಡುವು ಸಿಕ್ಕಾಗಲೆಲ್ಲ ಆ ಕಾಲುವೆ ಏರಿಯ ಮೇಲೆ ಮೈಲಿಗಟ್ಟಲೆ ನಡೆಯುತ್ತಿದ್ದ ಮನುಷ್ಯ. ಅವರು ಪತ್ರದಲ್ಲಿ ವಾದ ಮಾಡಿದ್ದಕ್ಕಿಂತ ಕರೆದದ್ದೇ ಹೆಚ್ಚು: ಸಂಪಾದಕೀಯ ಬರೆದವರು ನನ್ನ ಜೊತೆ ಬರಲಿ, ಕಾಲುವೆಯ ಆ ತುದಿಯಿಂದ ಈ ತುದಿಯವರೆಗೆ ನಡೆಯೋಣ, ಆಮೇಲೂ ರಸ್ತೆ ಬೇಕು ಅನಿಸಿದರೆ ನೋಡೋಣ ಅಂತ.

ಆ ತುದಿಯಿಂದ ಈ ತುದಿಗೆ 297 ಕಿಲೋಮೀಟರ್!

ಇವತ್ತು ಆ ಏರಿಯ ಮೇಲೆ ಸೈಕಲ್ಲುಗಳು ಓಡುತ್ತವೆ. ಮಣ್ಣು ಮತ್ತು ಸಣ್ಣ ಜಲ್ಲಿಯ ದಾರಿ. ಕಾರಿಲ್ಲ, ಬೈಕಿಲ್ಲ, ಹಾರ್ನಿಲ್ಲ. ಒಂದು ಪಕ್ಕ ನದಿ, ಇನ್ನೊಂದು ಪಕ್ಕ ಹಳೇ ಕಾಲುವೆ, ಮೇಲೆ ಹೋದಂತೆ ಬೆಟ್ಟದ ತಪ್ಪಲು. ನಮ್ಮ ಕಡೆ ನಾಲೆ ಏರಿಯ ಮೇಲೆ ಸೈಕಲ್ ತುಳಿದು ಸ್ಕೂಲಿಗೆ ಹೋದವರಿಗೆ ಆ ದಾರಿಯ ಸುಖ ಬಿಡಿಸಿ ಹೇಳಬೇಕಿಲ್ಲ. ಆದರೆ ಅಮೆರಿಕದ ಈ ಏರಿಯನ್ನು ಸೈಕಲ್ಲಿಗಾಗಿ ಕಟ್ಟಿರಲಿಲ್ಲ. ಅದರ ಕಥೆ ಶುರುವಾಗುವುದು ಕಲ್ಲಿದ್ದಲಿನಿಂದ, ಹೇಸರಗತ್ತೆಗಳಿಂದ.

ಕಾಲುವೆಯ ಹೆಸರು ಚೆಸಪೀಕ್ ಅಂಡ್ ಒಹಾಯೊ. ವಾಷಿಂಗ್ಟನ್ ನಗರದ ಜಾರ್ಜ್‌ಟೌನ್‌ನಿಂದ ಅಲೆಗೆನಿ ಬೆಟ್ಟಸಾಲು ದಾಟಿ ಪಿಟ್ಸ್‌ಬರ್ಗ್ ಕಡೆಯ ಒಹಾಯೊ ನದಿಯವರೆಗೆ ದೋಣಿ ಸಾಗಿಸಬೇಕು ಎಂಬುದು ಯೋಜನೆ. 1828ರ ಜುಲೈ 4ರಂದು ಅಂದಿನ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಗುದ್ದಲಿಪೂಜೆ ಮಾಡಲು ಬಂದರು. ಸಲಿಕೆ ಊರಿದರೆ ಬೇರಿಗೆ ತಗುಲಿತು. ಮತ್ತೆ ಊರಿದರು, ಇಳಿಯಲಿಲ್ಲ. ಕೊನೆಗೆ ಕೋಟು ಬಿಚ್ಚಿಟ್ಟು ಅಗೆದರಂತೆ, ಜನ ಚಪ್ಪಾಳೆ ಹೊಡೆದರಂತೆ. ಅದೇ ದಿನ ಹತ್ತಿರದ ಬಾಲ್ಟಿಮೋರ್ ನಗರದಲ್ಲಿ ಬಾಲ್ಟಿಮೋರ್ ಅಂಡ್ ಒಹಾಯೊ ರೈಲು ಮಾರ್ಗಕ್ಕೆ ಅಡಿಗಲ್ಲು ಹಾಕಿದರು. ಕಾಲುವೆಯೂ ಹೊರಟದ್ದು ಪಶ್ಚಿಮಕ್ಕೆ, ರೈಲೂ ಹೊರಟದ್ದು ಪಶ್ಚಿಮಕ್ಕೆ. ಬೆಟ್ಟದ ಬುಡದ ಕಂಬರ್‌ಲ್ಯಾಂಡ್ ಊರನ್ನು ರೈಲು 1842ರಲ್ಲೇ ಮುಟ್ಟಿತು. ಕಾಲುವೆ ಮುಟ್ಟಿದ್ದು 1850ರಲ್ಲಿ. ದುಡ್ಡು ಮುಗಿದಿತ್ತು, ಅಲ್ಲಿಗೇ ನಿಂತಿತು. ಒಹಾಯೊ ಎಂಬುದು ಹೆಸರಿನಲ್ಲಿ ಮಾತ್ರ ಉಳಿಯಿತು.

ಅಗೆದವರಲ್ಲಿ ಬಹಳ ಮಂದಿ ಐರ್ಲೆಂಡಿನಿಂದ ಬಂದ ಕೂಲಿಗಳು. 1832ರಲ್ಲಿ ಕಾಲರಾ ಬಂದು ಅವರ ಶೆಡ್ಡುಗಳಲ್ಲಿ ಹೆಣಗಳು ಬಿದ್ದವು. 1834ರಲ್ಲಿ ಕೂಲಿಗಳ ಗುಂಪುಗಳ ನಡುವೆ ಹೊಡೆದಾಟವಾದಾಗ ಅಧ್ಯಕ್ಷ ಆಂಡ್ರೂ ಜಾಕ್ಸನ್ ಸೈನ್ಯ ಕಳಿಸಿದರು. ಕೆಲಸಗಾರರ ಗಲಾಟೆ ಅಡಗಿಸಲು ಅಮೆರಿಕದ ಕೇಂದ್ರ ಸರ್ಕಾರ ಸೈನ್ಯ ಬಳಸಿದ್ದು ಅದೇ ಮೊದಲು.

ಎಲ್ಲಕ್ಕಿಂತ ಕಷ್ಟದ ಕೆಲಸ ಪಾಪಾ ಸುರಂಗ. ಅಲ್ಲಿ ನದಿ ಹಾವಿನಂತೆ ಸುತ್ತಿ ಸುತ್ತಿ ಹರಿಯುತ್ತದೆ. ಆ ಸುತ್ತು ತಪ್ಪಿಸಲು ಗುಡ್ಡವನ್ನೇ ಕೊರೆದರು. ಉದ್ದ 950 ಮೀಟರ್, ಒಳಗೆ ಹೊದಿಸಿದ ಇಟ್ಟಿಗೆ ಸುಮಾರು 60 ಲಕ್ಷ. ಎರಡು ವರ್ಷದಲ್ಲಿ ಮುಗಿಯುತ್ತದೆ ಅಂತ 1836ರಲ್ಲಿ ಶುರು ಮಾಡಿದ್ದು, ಹದಿನಾಲ್ಕು ವರ್ಷ ಹಿಡಿಯಿತು. ಸುರಂಗದೊಳಗೆ ಒಂದು ಸಲಕ್ಕೆ ಒಂದೇ ದೋಣಿಗೆ ಜಾಗ. ಎದುರುಬದುರಾದ ಇಬ್ಬರು ದೋಣಿ ಯಜಮಾನರು ಹಟಕ್ಕೆ ಬಿದ್ದು ನಾ ಹಿಂದೆ ಸರಿಯಲ್ಲ, ನೀ ಸರಿ ಅಂತ ದಿನಗಟ್ಟಲೆ ನಿಂತರು, ಕೊನೆಗೆ ಕಾಲುವೆಯ ಮೇಸ್ತ್ರಿ ಸುರಂಗದ ಬಾಯಲ್ಲಿ ಜೋಳದ ಕಡ್ಡಿಗೆ ಬೆಂಕಿ ಹಾಕಿ ಹೊಗೆ ಬಿಟ್ಟು ಅವರನ್ನು ಹೊರಗೆ ತಂದ ಎಂಬ ಕಥೆಯನ್ನು ಅಲ್ಲಿ ಇಂದಿಗೂ ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಬದುವಿನ ಜಗಳ ನೋಡಿದ ನಮಗೆ ನಂಬಲು ಕಷ್ಟವೇನಿಲ್ಲ.

ಕಾಲುವೆ ಕೆಲಸ ಮಾಡುತ್ತಿದ್ದ ರೀತಿ ಹೀಗೆ. ಕಂಬರ್‌ಲ್ಯಾಂಡ್ ಮೇಲಿದೆ, ಜಾರ್ಜ್‌ಟೌನ್ ಕೆಳಗಿದೆ. ನಡುವೆ 184 ಮೀಟರ್ ಇಳಿಜಾರು. ಅಷ್ಟನ್ನೂ ಒಂದೇ ಓಟದಲ್ಲಿ ಹರಿಯಬಿಟ್ಟರೆ ದೋಣಿ ನಿಲ್ಲುವುದಿಲ್ಲ. ಅದಕ್ಕೆ 74 ಕಡೆ ಲಾಕ್ ಕಟ್ಟಿದರು. ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ನೀರು ಇಳಿಸಿ, ಮುಂದಿನ ಬಾಗಿಲು ತೆಗೆಯುವುದು. ದೋಣಿ ಮೆಟ್ಟಿಲು ಇಳಿದಂತೆ ಇಳಿಯುತ್ತದೆ. ಲಾಕುಗಳ ಕಾವಲಿಗೆ ಸಂಸಾರಗಳು, ಅವರಿಗೆ ಮನೆ, ತರಕಾರಿ ಬೆಳೆಯಲು ತುಸು ಜಮೀನು. ರಾತ್ರಿ ಎಷ್ಟು ಹೊತ್ತಿಗೆ ದೋಣಿಯವರು ಕೊಂಬು ಊದಿದರೂ ಎದ್ದು ಬಾಗಿಲು ತೆಗೆಯಬೇಕು.

ದೋಣಿಗೆ ಎಂಜಿನ್ ಇಲ್ಲ. ಸುಮಾರು 120 ಟನ್ ಕಲ್ಲಿದ್ದಲು ತುಂಬಿದ ದೋಣಿಯನ್ನು ಏರಿಯ ಮೇಲೆ ನಡೆಯುವ ಹೇಸರಗತ್ತೆಗಳು ಹಗ್ಗದಿಂದ ಎಳೆಯಬೇಕು. ಒಂದು ಜೋಡಿ ಎಳೆಯುವಾಗ ಇನ್ನೊಂದು ಜೋಡಿ ದೋಣಿಯ ಮುಂದಿನ ಕೊಟ್ಟಿಗೆಯಲ್ಲಿ ಸುಧಾರಿಸಿಕೊಳ್ಳುತ್ತದೆ. ಆ ಪ್ರಾಣಿಗಳ ಜೊತೆ ಏರಿಯ ಮೇಲೆ ನಡೆಯುತ್ತಿದ್ದವರು ಹೆಚ್ಚಾಗಿ ದೋಣಿಯವರ ಮಕ್ಕಳು. ಎಷ್ಟೋ ಮಕ್ಕಳು ಬರಿಗಾಲಲ್ಲಿ. ಇನ್ನೂ ಚಿಕ್ಕ ಕೂಸುಗಳು ನೀರಿಗೆ ಬೀಳದಿರಲಿ ಅಂತ ದೋಣಿಯ ಮೇಲೆ ಸೊಂಟಕ್ಕೆ ಹಗ್ಗ ಕಟ್ಟಿ ಬಿಡುತ್ತಿದ್ದರು. ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ದೋಣಿ ಓಡುವ ಕಾಲ. ನೀರು ಹೆಪ್ಪುಗಟ್ಟಿದಾಗ ಮಾತ್ರ ಸ್ಕೂಲು. ಕಬ್ಬು ಕಡಿಯುವವರ ಮಕ್ಕಳ ಬಗ್ಗೆ ಬರೆಯಲು ಹೋದಾಗ ನಾವು ಕೇಳಿದ ಮಾತುಗಳೇ ಇಲ್ಲಿ ಮತ್ತೆ ಕೇಳಿದ ಹಾಗಾಯಿತು. ಇವತ್ತು ಸೈಕಲ್ ಪುಸ್ತಕಗಳು ‘ಪ್ರಶಾಂತ ದಾರಿ’ ಎಂದು ಕರೆಯುವ ಈ ಏರಿಯನ್ನು ತುಳಿದು ಗಟ್ಟಿ ಮಾಡಿದ್ದು ಆ ಕಾಲುಗಳು.

1870ರ ದಶಕದಲ್ಲಿ ಕಾಲುವೆಯ ಮೇಲೆ ನೂರಾರು ದೋಣಿಗಳಿದ್ದವು. ಆಮೇಲೆ 1889ರ ಪ್ರವಾಹ ಬಂತು, ಕಾಲುವೆ ಕಿತ್ತುಹೋಯಿತು, ಕಂಪನಿ ದಿವಾಳಿಯಾಯಿತು. ಅದನ್ನು ಕೈಗೆ ತೆಗೆದುಕೊಂಡದ್ದು ಯಾರು ಗೊತ್ತೆ? ಅದೇ ದಿನ ಅಡಿಗಲ್ಲು ಹಾಕಿದ್ದ ಅದೇ ರೈಲು ಕಂಪನಿ. 1924ರಲ್ಲಿ ಇನ್ನೊಂದು ಪ್ರವಾಹ ಬಂದ ಮೇಲೆ ರಿಪೇರಿ ಮಾಡಲಿಲ್ಲ. ದೋಣಿಗಳು ನಿಂತಲ್ಲೇ ಕೊಳೆತವು, ಕಾಲುವೆಯೊಳಗೆ ಮರ ಬೆಳೆದವು. 1938ರಲ್ಲಿ ಸರ್ಕಾರ 20 ಲಕ್ಷ ಡಾಲರಿಗೆ ಕಾಲುವೆ ಕೊಂಡಿತು.

ಕೊಂಡ ಮೇಲೆ ಹೂಳು ತೆಗೆದು, ಕಲ್ಲು ಕೂರಿಸಿ, ಕೆಳಗಿನ 35 ಕಿಲೋಮೀಟರನ್ನು ಸರಿಮಾಡಿದವರು ಕರಿಯ ಯುವಕರು. ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿ ಹುಡುಗರಿಗೆ ಸರ್ಕಾರ ಕೊಟ್ಟ ಕೆಲಸವದು. ಬಿಳಿಯರ ಕ್ಯಾಂಪ್ ಬೇರೆ, ಕರಿಯರ ಕ್ಯಾಂಪ್ ಬೇರೆ ಇದ್ದ ದಿನಗಳು. ಈ ದಾರಿಯ ಬಗ್ಗೆ ಯಾರು ಬರೆದರೂ ನ್ಯಾಯಮೂರ್ತಿಯ ಹೆಸರು ಮೊದಲು ಬರುತ್ತದೆ. ನಾವೂ ಹಾಗೇ ಶುರು ಮಾಡಿದ್ದೇವೆ, ಒಪ್ಪಿಕೊಳ್ಳುತ್ತೇವೆ. ಆದರೆ ಸಲಿಕೆ ಹಿಡಿದವರನ್ನು ಬಿಟ್ಟು ಈ ಕಥೆ ಹೇಳಬಾರದು.

ಈಗ ಮತ್ತೆ 1954ಕ್ಕೆ.

ಸಂಪಾದಕೀಯ ವಿಭಾಗದ ಮೆರ್ಲೊ ಪ್ಯೂಸಿ ಮತ್ತು ರಾಬರ್ಟ್ ಎಸ್ಟಬ್ರೂಕ್ ನ್ಯಾಯಮೂರ್ತಿಯ ಸವಾಲು ಒಪ್ಪಿಕೊಂಡರು. ನಮಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು. ಒಪ್ಪದೇ ಇರಬಹುದಿತ್ತು. ಪತ್ರ ಅಚ್ಚು ಹಾಕಿ, ಕೆಳಗೆ ಎರಡು ಸಾಲು ಸಮಜಾಯಿಷಿ ಬರೆದು ಕೈತೊಳೆದುಕೊಳ್ಳಬಹುದಿತ್ತು. ನಾವು ಒಮ್ಮೆ ಒಂದು ಹಳ್ಳಿಯ ರಸ್ತೆ ಅಗಲೀಕರಣದ ಬಗ್ಗೆ ಫೋನಿನಲ್ಲೇ ಮಾಹಿತಿ ಕೇಳಿ ಬರೆದಿದ್ದೆವು. ಆ ಊರಿನ ಅಜ್ಜಿಯೊಬ್ಬರು ಫೋನ್ ಮಾಡಿ, ‘ನೀವ್ ಬರ್ದಿರೋ ಹುಣಸೇಮರ ಕಡ್ದು ಮೂರ್ ವರ್ಷ ಆಯ್ತು ಕಣಪ್ಪಾ, ಬಂದ್ ನೋಡಿ’ ಅಂದಿದ್ದರು. ಹೋಗುವಷ್ಟರಲ್ಲಿ ಇನ್ನೆರಡು ತಿಂಗಳು ಕಳೆದಿತ್ತು.

ಮಾರ್ಚ್ 20ರಂದು ಕಂಬರ್‌ಲ್ಯಾಂಡ್ ಕಡೆಯಿಂದ ಹೊರಟರು. ಪ್ರಾಣಿಗಳನ್ನೂ ಕಾಡನ್ನೂ ಬಲ್ಲ ಓಲಾಸ್ ಮ್ಯೂರಿಯಂಥವರೂ ಬಂದರು, ವರದಿಗಾರರೂ ಬಂದರು. ದಾರಿಯಲ್ಲಿ ಹಿಮ ಬಿತ್ತು. ಸಂಪಾದಕರ ಪಾದದಲ್ಲಿ ಬೊಬ್ಬೆ ಎದ್ದವು. ಡಗ್ಲಸ್ ಮಾತ್ರ ಮುಂದೆ ಮುಂದೆ ಬಿರುಸಾಗಿ ನಡೆಯುತ್ತಿದ್ದರು, ಜೊತೆ ನಡೆಯುವವರಿಗೆ ಏದುಸಿರು. ಊರೂರಲ್ಲಿ ಜನ ಏರಿಯ ಮೇಲೆ ನಿಂತು ನೋಡಿದರು, ಕೆಲವರು ಸ್ವಲ್ಪ ದೂರ ಜೊತೆಗೆ ನಡೆದರು. ಎಂಟನೇ ದಿನ ವಾಷಿಂಗ್ಟನ್ ತಲುಪಿದಾಗ ಮೊದಲಿನಿಂದ ಕೊನೆಯವರೆಗೆ ಪೂರ್ತಿ ನಡೆದವರು ಒಂಬತ್ತೇ ಮಂದಿ. ಇಬ್ಬರು ಸಂಪಾದಕರು ಅವರಲ್ಲಿ ಇರಲಿಲ್ಲ. ಆದರೂ ಹೋದಷ್ಟು ದೂರ ಕಣ್ಣಾರೆ ನೋಡಿದ್ದರಲ್ಲ. ಪತ್ರಿಕೆ ತನ್ನ ನಿಲುವು ತಿದ್ದಿಕೊಂಡು ಬರೆಯಿತು. ನ್ಯಾಯಮೂರ್ತಿ ಹೇಳಿದ್ದನ್ನೆಲ್ಲ ಒಪ್ಪಲಿಲ್ಲ, ಆದರೆ ಕಾಲುವೆಯ ಬಹುಭಾಗವನ್ನು ಇದ್ದಂತೆಯೇ ಉಳಿಸಬೇಕು ಎಂದಿತು.

ರಸ್ತೆ ಬೇಕು ಎಂದವರನ್ನು ಕೆಟ್ಟವರು ಅಂತ ತೋರಿಸಲು ನಮಗೆ ಮನಸ್ಸಿಲ್ಲ. ಮೇಲಿನ ಬೆಟ್ಟದ ಸೀಮೆಯ ಊರುಗಳವರು ರಸ್ತೆ ಬಂದರೆ ವ್ಯಾಪಾರ ಬರುತ್ತದೆ, ನಾಲ್ಕು ಜನರಿಗೆ ಕೆಲಸ ಸಿಗುತ್ತದೆ ಅಂತ ಕಾದಿದ್ದರು. ದಿನಕ್ಕೆ ಎರಡೇ ಬಸ್ಸು ಬರುವ ಊರಿನವರಿಗೆ ಆ ಆಸೆ ಏನು ಅಂತ ಗೊತ್ತು. ನಗರದ ನ್ಯಾಯಮೂರ್ತಿಗೆ ಭಾನುವಾರ ನಡೆಯಲು ಜಾಗ ಬೇಕು, ಹಳ್ಳಿಯವನಿಗೆ ದಿನಾ ದುಡಿಯಲು ದಾರಿ ಬೇಕು. ಎರಡೂ ಸುಳ್ಳಲ್ಲ. 1971ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿ ಕಾಲುವೆಯನ್ನು ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಮಾಡಿದ ಮೇಲೆ, ಅಕ್ಕಪಕ್ಕದ ಜಮೀನುಗಳನ್ನು ಸರ್ಕಾರ ಸ್ವಾಧೀನ ಮಾಡಿಕೊಂಡಿತು. ಮನೆ ಬಿಟ್ಟುಹೋಗಬೇಕಾದವರ ಅಸಮಾಧಾನ ಬಹಳ ಕಾಲ ಆರಲಿಲ್ಲ. ಪರಿಹಾರದ ಚೆಕ್ಕು ಕೈಗೆ ಬಂದರೂ ಹಿತ್ತಲು ವಾಪಸ್ ಬರುವುದಿಲ್ಲವಲ್ಲ.

ಉದ್ಯಾನವಾದ ಮೇಲೂ ನದಿ ಸುಮ್ಮನಿರಲಿಲ್ಲ. 1972ರಲ್ಲಿ ಒಮ್ಮೆ, 1996ರಲ್ಲಿ ಎರಡು ಸಲ ಏರಿ ಕೊಚ್ಚಿಹೋಯಿತು. ಪ್ರತಿ ಸಲವೂ ಮಣ್ಣು ಹಾಕಿ, ಜಲ್ಲಿ ಹಾಕಿ ಎಬ್ಬಿಸಿದ್ದಾರೆ.

ಇನ್ನೊಂದು ವಿಷಯ. ಕಂಬರ್‌ಲ್ಯಾಂಡಿನಿಂದ ಆಚೆಗೆ ಕಾಲುವೆ ಹೋಗಲಿಲ್ಲ ಎಂದೆವಲ್ಲ. ಅಲ್ಲಿಂದ ಪಿಟ್ಸ್‌ಬರ್ಗಿಗೆ ಹಳೇ ರೈಲು ಹಳಿಗಳು ಪಾಳು ಬಿದ್ದಿದ್ದವು. ಹಳಿ ಕಿತ್ತ ಜಾಗದಲ್ಲಿ ಸುಣ್ಣಕಲ್ಲಿನ ಸಣ್ಣ ಜಲ್ಲಿ ಹಾಸಿ 1986ರಿಂದ ತುಂಡು ತುಂಡಾಗಿ ಸೈಕಲ್ ದಾರಿ ಮಾಡುತ್ತಾ ಬಂದರು. ಬೆಟ್ಟ ಹತ್ತಿ, ಕ್ಯಾಸಲ್‌ಮನ್ ಮತ್ತು ಯಾಕಿಗೇನಿ ನದಿಗಳ ಕಣಿವೆ ಹಿಡಿದು ಇಳಿಯುವ ಆ 240 ಕಿಲೋಮೀಟರ್ ದಾರಿ 2013ರಲ್ಲಿ ಪಿಟ್ಸ್‌ಬರ್ಗ್ ಮುಟ್ಟಿತು. ಅಧ್ಯಕ್ಷ ಆಡಮ್ಸ್ ಕೋಟು ಬಿಚ್ಚಿ ಅಗೆದು 185 ವರ್ಷವಾದ ಮೇಲೆ.

ಈಗ ಲಾಕ್ ಕಾವಲಿನವರ ಕೆಲವು ಮನೆಗಳಲ್ಲಿ ಬಾಡಿಗೆ ಕೊಟ್ಟು ರಾತ್ರಿ ಉಳಿಯಬಹುದು. ದಾರಿಯುದ್ದಕ್ಕೂ ಡೇರೆ ಹಾಕಲು ಜಾಗಗಳಿವೆ, ನೀರಿಗೆ ಕೈಪಂಪುಗಳಿವೆ. ಪಾಪಾ ಸುರಂಗದೊಳಗೆ ದೀಪವಿಲ್ಲ, ಟಾರ್ಚ್ ಹಿಡಿದು ಸೈಕಲ್ ತಳ್ಳಿಕೊಂಡು ನಡೆಯಬೇಕು. ಏರಿಯ ಮೇಲೆ ಕಾಲ್ನಡಿಗೆಯವರು, ಕುದುರೆ ಅಥವಾ ಹೇಸರಗತ್ತೆ ಸಿಕ್ಕರೆ ದಾರಿ ಬಿಡಬೇಕಾದವರು ಸೈಕಲ್ಲಿನವರು.