ಬೆಂಗಳೂರಿನ ಲಯ, ಬಾಸ್ಟನ್ನಿನ ಸ್ಯಾಕ್ಸೊಫೋನ್

1983ರ ಫೆಬ್ರವರಿ. ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ಪಟ್ಟಣದ ಬಾವರ್ ಸ್ಟುಡಿಯೋದಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ನಾಲ್ವರು ಕಲಾವಿದರು ಸೇರಿದ್ದರು. ಹಾಡುವುದಕ್ಕೆ, ತಂಬೂರಿ ಮೀಟುವುದಕ್ಕೆ ಆರ್.ಎ. ರಮಾಮಣಿ, ಮೃದಂಗಕ್ಕೆ ಅವರ ಪತಿ ಟಿ.ಎ.ಎಸ್. ಮಣಿ, ಘಟ, ಮೋರ್ಸಿಂಗ್‌ಗೆ ಆರ್.ಎ. ರಾಜಗೋಪಾಲ್; ಖಂಜಿರಕ್ಕೆ ಟಿ.ಎನ್. ಶಶಿಕುಮಾರ್. ಐದನೆಯವರು ಬಾಸ್ಟನ್ನಿನಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ. ಮ್ಯೂನಿಕ್‌ನ ಇಸಿಎಂ ಸಂಸ್ಥೆ ಹೊರತಂದ ಆ ಆಲ್ಬಂನ ಹೆಸರು ‘ಜ್ಯೋತಿ’.

ಪಿಯಾನೊ ಇಲ್ಲ, ಗಿಟಾರ್ ಇಲ್ಲ, ಡ್ರಮ್ ಸೆಟ್ಟೂ ಇಲ್ಲ. ಫ್ಯೂಷನ್ ಎಂದ ಕೂಡಲೇ ಪಾಶ್ಚಾತ್ಯ ವಾದ್ಯವೃಂದದ ಬದಿಗೆ ತಬಲಾ, ಸಿತಾರ್ ಕೂರಿಸುವ ವಾಡಿಕೆ ಆಗಲೂ ಇತ್ತು. ‘ಜ್ಯೋತಿ’ಯಲ್ಲಿ ಅದು ತಿರುವುಮುರುವಾಯಿತು. ರಚನೆಗಳೆಲ್ಲ ರಮಾಮಣಿಯವರವು, ಶ್ರುತಿಯೂ ತಾಳವೂ ಬೆಂಗಳೂರಿನವು. ಅತಿಥಿಯಾಗಿ ಬಂದು ಹೊಂದಿಕೊಳ್ಳಬೇಕಾದದ್ದು ಸ್ಯಾಕ್ಸೊಫೋನ್. ಈ ಆಲ್ಬಂನ ಹಿರಿಮೆಯೆಲ್ಲ ಇದರಲ್ಲಿದೆ.

ಮರಿಯಾನೊ ಅದಕ್ಕೆ ತಕ್ಕ ತಯಾರಿ ಮಾಡಿಕೊಂಡೇ ಬಂದಿದ್ದರು. 1963ರಲ್ಲಿ ಚಾರ್ಲ್ಸ್ ಮಿಂಗಸ್ ಅವರ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ಯಲ್ಲಿ ಆಲ್ಟೊ ಸ್ಯಾಕ್ಸೊಫೋನ್ ನುಡಿಸಿ ಹೆಸರು ಮಾಡಿದ್ದ ಅವರು, ಆ ದಶಕದ ಉತ್ತರಾರ್ಧದಲ್ಲಿ ಮಲೇಷ್ಯಾಕ್ಕೆ ಹೋದಾಗ ನಾಗಸ್ವರ ಕೇಳಿ ಮಾರುಹೋದರು. ನಡುವಯಸ್ಸಿನಲ್ಲಿ ಶಿಷ್ಯನಾಗಿ ಕೂತು, ದಮ್ಮು ಕಟ್ಟಿ ಊದಬೇಕಾದ ಆ ವಾದ್ಯವನ್ನು ಕಲಿತರು. ಅದಕ್ಕಾಗಿಯೇ ಭಾರತಕ್ಕೂ ಬಂದರು. ಎಪ್ಪತ್ತರ ದಶಕದ ಅವರ ಧ್ವನಿಮುದ್ರಿಕೆಗಳಲ್ಲಿ ನಾಗಸ್ವರ ಮೊಳಗುತ್ತದೆ. ಗಮಕ ಅವರಿಗೆ ಬರೀ ಅಲಂಕಾರವಾಗಿ ಉಳಿಯಲಿಲ್ಲ, ಸ್ವರದ ನಡಿಗೆಯೇ ಆಯಿತು.

ಇತ್ತ ಮಣಿಯವರು 1964ರಲ್ಲೇ ತಾಳವಾದ್ಯಗಳಿಗೆಂದು ಬೆಂಗಳೂರಿನಲ್ಲಿ ಶಾಲೆ ತೆರೆದಿದ್ದರು. ಕಚೇರಿಯ ಕೊನೆಗೆ ತಾಳವಾದ್ಯಗಳದ್ದೇ ಆದ ತನಿ ಆವರ್ತನ ಶುರುವಾದೊಡನೆ ಕೆಲವರು ಕಾಫಿಗೆ ಎದ್ದುಹೋಗುವ ಕಾಲದಲ್ಲಿ, ಲಯವನ್ನೇ ಮುಂದೆ ಕೂರಿಸಿದ ತಂಡ ಇವರದು. ಬೆಂಗಳೂರಿನ ದಾರಿಯನ್ನು ಯೂರೋಪಿಗೆ ತೋರಿಸಿದ್ದು ಮ್ಯೂನಿಕ್‌ನ ‘ಎಂಬ್ರಿಯೊ’ ತಂಡ. ಎಪ್ಪತ್ತರ ದಶಕದ ಕೊನೆಯಲ್ಲಿ ಅದರ ಸದಸ್ಯರು ರಸ್ತೆ ಮಾರ್ಗದಲ್ಲೇ ಭಾರತ ತಲುಪಿ ಮಣಿ ದಂಪತಿಯೊಂದಿಗೆ ನುಡಿಸಿದರು. ಆ ತಂಡದಿಂದ ಕವಲೊಡೆದ ‘ಡಿಸ್ಸಿಡೆಂಟನ್’ ತನ್ನ ಮೊದಲ ಆಲ್ಬಂ ‘ಜರ್ಮನಿಸ್ತಾನ್’ಗೂ ಇವರನ್ನೇ ಜೊತೆ ಮಾಡಿಕೊಂಡಿತು.

‘ಜ್ಯೋತಿ’ ತೆರೆದುಕೊಳ್ಳುವುದು ರಮಾಮಣಿಯವರ ಒಂಟಿ ದನಿಯಿಂದ. ಮುಂದೆ ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’, ‘ಕಾರ್ತಿಕ್’, ಕಡೆಗೆ ‘ಭಜನ್’. ಜಾಝ್ ವಾದಕರು ಸಾಮಾನ್ಯವಾಗಿ ಬದಲಾಗುತ್ತ ಹೋಗುವ ಸ್ವರಮೇಳಗಳ ಮೇಲೆ ತಮ್ಮ ಕಲ್ಪನೆ ಹರಿಸುತ್ತಾರೆ. ಇಲ್ಲಿ ಆ ಆಸರೆ ಇಲ್ಲ. ಷಡ್ಜ ಕದಲುವುದಿಲ್ಲ, ಬದಲಾಗುವುದು ನಡೆ ಮತ್ತು ಲೆಕ್ಕಾಚಾರ. ಬಾಯಲ್ಲೇ ತಾಳಾಕ್ಷರ ನುಡಿಯುವ ಕೊನ್ನಕೋಲಿನ ಜತಿಗಳು ಎಲ್ಲಿ ಮುಕ್ತಾಯಗೊಳ್ಳುತ್ತವೆಂದು ತಿಳಿಯದ ವಾದಕ ಸಮದಲ್ಲಿ ಎಡವುತ್ತಾನೆ. ಮರಿಯಾನೊ ಎಡವುವುದಿಲ್ಲ. ಹಾಗೆಂದು ಕರ್ನಾಟಕ ಸಂಗೀತದ ವಿದ್ವಾಂಸರಂತೆ ನಟಿಸುವುದೂ ಇಲ್ಲ. ಅವರ ದನಿಯಲ್ಲಿ ಜಾಝ್‌ನ ಆರ್ತತೆ ಹಾಗೇ ಉಳಿದಿದೆ.

ಇದೇ ಹೊತ್ತಿಗೆ ಕರ್ನಾಟಕದಲ್ಲಿ ಇನ್ನೊಬ್ಬರು ಇದೇ ದಾರಿಯನ್ನು ಎದುರು ದಿಕ್ಕಿನಿಂದ ನಡೆಯುತ್ತಿದ್ದರು. ನಾಗಸ್ವರದ ಮನೆತನದ ಕದ್ರಿ ಗೋಪಾಲನಾಥ್ ಮೈಸೂರು ಅರಮನೆ ಬ್ಯಾಂಡ್‌ನ ಸ್ಯಾಕ್ಸೊಫೋನ್‌ಗೆ ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದವರು. 1980ರ ಮುಂಬೈ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ, ಜೊತೆಗೆ ನುಡಿಸಲು ತಾವಾಗಿಯೇ ಮುಂದೆ ಬಂದರು.

ಮರಿಯಾನೊ 2009ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮೊದಲು ‘ಕಿನ್ಸ್‌ಮೆನ್’ ಎಂಬ ಆಲ್ಬಂ ಬಂದಿತ್ತು. ಅದರಲ್ಲಿ ಕದ್ರಿಯವರ ಜೊತೆಗಾರ ರುದ್ರೇಶ್ ಮಹಾಂತಪ್ಪ: ಕರ್ನಾಟಕ ಮೂಲದ ದಂಪತಿಯ ಮಗ, ಕೊಲರಾಡೊದಲ್ಲಿ ಬೆಳೆದ ಜಾಝ್ ಕಲಾವಿದ. ಎರಡು ಆಲ್ಟೊ ಸ್ಯಾಕ್ಸೊಫೋನ್‌ಗಳ ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿಯವರ ಮೃದಂಗ, ರೆಝ್ ಅಬ್ಬಾಸಿಯವರ ಗಿಟಾರ್. ‘ಜ್ಯೋತಿ’ಯಲ್ಲಿ ಇಲ್ಲದಿದ್ದ ಡ್ರಮ್ ಸೆಟ್ಟೂ ಇಲ್ಲಿ ಇದೆ, ಮೃದಂಗದ ಪಕ್ಕದಲ್ಲೇ.