ಅಂಜದೀವ್: ಹಡಗುಗಳಿಗೆ ಆಸರೆಯಾದ ದ್ವೀಪ

ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಓಡಾಡಿದವರಿಗೆ ಕೆರೆ ಏರಿಯ ಪರಿಚಯ ಇದ್ದೇ ಇರುತ್ತದೆ. ಕಡೂರು ತಾಲ್ಲೂಕಿನ ಮದಗದ ಕೆರೆಯನ್ನೋ ಅಯ್ಯನಕೆರೆಯನ್ನೋ ನೆನಪಿಸಿಕೊಳ್ಳಿ. ಏರಿಯ ಒಳಮೈಗೆ ಕಲ್ಲು ಹೊದಿಸುವುದು ಏಕೆ? ಗಾಳಿಗೆ ಏಳುವ ಅಲೆಗಳು ಮಣ್ಣನ್ನು ಕೊರೆಯದಿರಲಿ ಎಂದು. ಇದೇ ಉಪಾಯವನ್ನು ಕಡಲಿನಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ಬಳಸಿರುವ ಜಾಗವೊಂದು ನಮ್ಮ ಕಾರವಾರದ ಬಳಿ ಇದೆ. ಅದೇ ಅಂಜದೀವ್ ದ್ವೀಪ.

ಸುಮಾರು ಒಂದೂವರೆ ಕಿ.ಮೀ. ಉದ್ದದ ಈ ದ್ವೀಪ ಆಡಳಿತದ ಲೆಕ್ಕದಲ್ಲಿ ಗೋವಾಕ್ಕೆ ಸೇರಿದ್ದು. ಇಷ್ಟು ಪುಟ್ಟ ದ್ವೀಪಕ್ಕೆ ನಾವಿಕರು ಏಕೆ ಬಂದರು? 1498ರಲ್ಲಿ ವಾಸ್ಕೋ ಡ ಗಾಮ ಹಿಂದಿರುಗುವ ಮುನ್ನ ಇಲ್ಲಿ ತಂಗಿದ. ಮರದ ಹಡಗುಗಳ ತಳಕ್ಕೆ ಪಾಚಿ, ಚಿಪ್ಪುಜೀವಿಗಳು ಅಂಟಿಕೊಂಡರೆ ವೇಗ ತಗ್ಗುತ್ತದೆ. ಅವುಗಳನ್ನು ದಡಕ್ಕೆ ಎಳೆದು, ವಾಲಿಸಿ, ತಳ ಕೆರೆದು ಸರಿಪಡಿಸಬೇಕಿತ್ತು. ಅದಕ್ಕೆ ಅಲೆಯಿಲ್ಲದ ಮರೆ ಮತ್ತು ಸಿಹಿನೀರು ಬೇಕು. 1505ರಲ್ಲಿ ಫ್ರಾನ್ಸಿಸ್ಕೊ ದ ಅಲ್ಮೇಡ ಇಲ್ಲಿ ಕೋಟೆ ಕಟ್ಟಿಸಿದರೂ ಪೋರ್ಚುಗೀಸರು ಅದನ್ನು ಬಹುಕಾಲ ಉಳಿಸಿಕೊಳ್ಳಲಿಲ್ಲ. 1682ರಲ್ಲಿ ಮತ್ತೆ ಕೋಟೆ ಎದ್ದಿತು.

ನಡುವೆ ಒಂದು ದುರಂತ ನಡೆಯಿತು. ಮುಂಬಯಿಯನ್ನು ವಹಿಸಿಕೊಳ್ಳಲು 1662ರಲ್ಲಿ ಬಂದ ಸರ್ ಅಬ್ರಹಾಂ ಶಿಪ್‌ಮನ್‌ಗೆ ಪೋರ್ಚುಗೀಸ್ ಅಧಿಕಾರಿಗಳು ಅದನ್ನು ಬಿಟ್ಟುಕೊಡಲಿಲ್ಲ. ನೂರಾರು ಸೈನಿಕರೊಡನೆ ಆತ ಅಂಜದೀವಿನಲ್ಲಿ ಬೀಡುಬಿಟ್ಟ. ರೋಗರುಜಿನಗಳಿಗೆ ತುತ್ತಾಗಿ ಹೆಚ್ಚಿನವರು ಸತ್ತರು. 1664ರಲ್ಲಿ ಶಿಪ್‌ಮನ್ ಕೂಡ ತೀರಿಕೊಂಡ. ಹಡಗಿಗೆ ಒಳ್ಳೆಯದಾದ ಜಾಗ ಮನುಷ್ಯನಿಗೂ ಒಳ್ಳೆಯದೇ ಆಗಬೇಕೆಂದಿಲ್ಲ.

1961ರ ನವೆಂಬರಿನಲ್ಲಿ ದ್ವೀಪದಿಂದ ಹಾರಿದ ಗುಂಡಿಗೆ ಮೀನುಗಾರರೊಬ್ಬರು ಬಲಿಯಾದರು. ಗೋವಾ ವಿಮೋಚನೆಯ ವೇಳೆ, ಡಿಸೆಂಬರ್ 18ರಂದು, ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್ ನೌಕೆಗಳ ನಾವಿಕರು ದ್ವೀಪಕ್ಕೆ ಇಳಿದರು. ಏಳು ಮಂದಿ ಪ್ರಾಣ ತೆತ್ತರು. ಮರುದಿನ ದ್ವೀಪ ಭಾರತದ ವಶವಾಯಿತು.

ಮುಂಬಯಿ ಬಂದರು ವಾಣಿಜ್ಯ ಹಡಗುಗಳಿಂದ ಕಿಕ್ಕಿರಿದಾಗ ನೌಕಾಪಡೆಗೆ ಪಶ್ಚಿಮ ತೀರದಲ್ಲಿ ಬೇರೊಂದು ನೆಲೆ ಬೇಕಾಯಿತು. 'ಸೀಬರ್ಡ್' ಯೋಜನೆಗೆ 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಕಾರವಾರದ ಬಳಿಯ ಅರ್ಗಾದಲ್ಲಿ ಶಂಕುಸ್ಥಾಪನೆ ಮಾಡಿದರು. ಹಣದ ಅಡಚಣೆಯಿಂದ ಕೆಲಸ ತಡವಾಯಿತು. 2005ರ ಮೇ 31ರಂದು ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಬನವಾಸಿಯ ಕದಂಬರ ಹೆಸರು ಅದಕ್ಕೆ ಬಂದಿದೆ.

ಇಲ್ಲಿನ ವಿಜ್ಞಾನವನ್ನು ಗಮನಿಸಿ. ಅಲೆಯ ಎತ್ತರ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನೈಋತ್ಯ ಮುಂಗಾರಿನಲ್ಲಿ ಈ ಶಕ್ತಿಯನ್ನು ತಡೆಯಲು ಬಂಡೆಗಳನ್ನು ರಾಶಿಹಾಕಿ ಅಲೆತಡೆ ಕಟ್ಟಿ, ಅಂಜದೀವನ್ನು ತೀರಕ್ಕೆ ಜೋಡಿಸಿದರು. ದ್ವೀಪವೇ ಗೋಡೆಯ ಭಾಗವಾಯಿತು. ಬಂಡೆಗಳ ಸಂದುಗಳಲ್ಲಿ ನೀರು ನುಗ್ಗಿ ಒಡೆಯುವಾಗ ಅಲೆಯ ಶಕ್ತಿ ಕರಗುತ್ತದೆ. ನಯವಾದ ನೇರ ಗೋಡೆಯಾದರೆ ಅಲೆ ಬಹುಪಾಲು ಹಿಂದಕ್ಕೆ ಪುಟಿಯುತ್ತದೆ. ಒಳಗೆ ಸುಮಾರು 10,000 ಟನ್ ಎತ್ತಬಲ್ಲ ಹಡಗು-ಎತ್ತುಗ ಇದೆ. ಹಡಗು ನೀರೊಳಗಿನ ವೇದಿಕೆಯ ಮೇಲೆ ಬಂದು ನಿಂತ ಮೇಲೆ, ಎರಡೂ ಬದಿಯ ಯಂತ್ರಗಳು ಉಕ್ಕಿನ ಹಗ್ಗಗಳಿಂದ ವೇದಿಕೆಯನ್ನು ಮೇಲೆತ್ತುತ್ತವೆ. ಬಳಿಕ ಹಡಗನ್ನು ಹಳಿಗಳ ಮೇಲೆ ಒಣ ನೆಲಕ್ಕೆ ಸಾಗಿಸಲಾಗುತ್ತದೆ. ಗಾಮನ ನಾವಿಕರು ಹಡಗು ವಾಲಿಸಿ ಮಾಡಿದ ಕೆಲಸವೇ ಇದು!

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ 13 ಹಳ್ಳಿಗಳ ಸುಮಾರು 4,000 ಕುಟುಂಬಗಳು ಮನೆ, ಹೊಲ, ದೋಣಿ ಕಟ್ಟುವ ದಡ ಬಿಟ್ಟು ಹೊರಟವು. ಪರಿಹಾರಕ್ಕಾಗಿ ಹಲವರು ದಶಕಗಳ ಕಾಲ ಕೋರ್ಟು ಕಚೇರಿ ಅಲೆದರು. ಹಡಗುಗಳಿಗೆ ಆಸರೆ ಸಿಕ್ಕಿದ್ದು ಇವರು ಆಸರೆ ಬಿಟ್ಟುಕೊಟ್ಟದ್ದರಿಂದ.

ಶಿಕ್ಷಕರೇ, ಅಗಲವಾದ ತಟ್ಟೆಯೊಂದರಲ್ಲಿ ನೀರು ತುಂಬಿ ಒಂದು ತುದಿಯಲ್ಲಿ ಅಲೆ ಎಬ್ಬಿಸಿ. ಮೊದಲು ಹಲಗೆಯನ್ನೂ ನಂತರ ಜಲ್ಲಿಕಲ್ಲಿನ ರಾಶಿಯನ್ನೂ ಅಡ್ಡ ಇಟ್ಟು, ಅಲೆ ಎಲ್ಲಿ ಹೆಚ್ಚು ಹಿಂದಿರುಗುತ್ತದೆ ಎಂದು ಮಕ್ಕಳಿಂದಲೇ ಹೇಳಿಸಿ. ಆಮೇಲೆ ಅವರನ್ನು ಊರ ಕೆರೆ ಏರಿಗೆ ಕರೆದೊಯ್ಯಿರಿ.